ಮುರಿಗೆವ್ವತ್ತೆ ಹುಡುಕಿದ ತಪ್ಪುಗಳು

ನಿಮ್ಮ ಹೊಲಿಗೆ ಯಂತ್ರವನ್ನು ರಾಚಯ್ಯನವರ ಪಕ್ಕ ಇಳಿಸಿ, ನೀವು ಈ ಕಡೆ ನನ್ನ ಹತ್ತಿರ ಬಂದು ಕೂತುಕೊಳ್ಳಿ. ಮೂರು ದಿನ ಅದು ಈ ಕಟ್ಟೆಯಿಂದ ಏಳುವ ಹಾಗಿಲ್ಲ. ಅದನ್ನು ಬಿಟ್ಟು ನೀವಾದರೂ ಎಲ್ಲಿಗೆ ಹೋಗುತ್ತೀರಿ? ಶುರು ಮಾಡುವ ಮೊದಲು ನನ್ನ ಅಂಗಿಯನ್ನು ಒಮ್ಮೆ ಸರಿಯಾಗಿ ನೋಡಿಕೊಳ್ಳಿ. ಯಾವ ಬಣ್ಣ ಅಂತ ಈಗಲೇ ಬಾಯಿಬಿಟ್ಟು ಹೇಳಬೇಡಿ. ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಕೊನೆಗೆ ನಾನೇ ಕೇಳುತ್ತೇನೆ. ನನ್ನ ಹೆಸರು ದುಂಡಪ್ಪ. ಎರಡನೆಯ ಇಯತ್ತೆಯ ತನಕ ಓದಿದ್ದೇನೆ, ಅದೂ ಪೂರ್ತಿ ಆಗಲಿಲ್ಲ, ಏಕೆಂದರೆ ಅಷ್ಟರಲ್ಲಿ ಶಾಲೆಗೆ ಹೊಸ ಗಂಟೆ ಬಂತು. ಗಂಟೆಯ ಗುಣ ಶಾಲೆಗೆ ಹತ್ತಿತು. ಮೇಷ್ಟ್ರಿಗೆ ಯಾರಾದರೂ ಸ್ವಲ್ಪ ತಗುಲಿದರೂ ಸಾಕು, ಢಣ್ ಅಂತ ಕೂಗುತ್ತಿದ್ದರು, ನಾವು ಮನೆಗೆ ಓಡುತ್ತಿದ್ದೆವು. ಒಂದು ದಿನ ಹಾಗೆ ಓಡಿದವನು ಇನ್ನೂ ವಾಪಸು ಹೋಗಿಲ್ಲ.

ನಮ್ಮೂರೇ ಹಾಗೆ. ಮನೆಗೆ ಯಾವ ಯಂತ್ರ ಬರುತ್ತದೋ ಮನೆ ಅದರ ಗುಣ ಹಿಡಿಯುತ್ತದೆ. ಫ್ಯಾನ್ ಹಾಕಿಸಿದ ಮನೆಯಲ್ಲಿ ಮಾತು ಎಲ್ಲಿಂದ ಹೊರಟರೂ ಸುತ್ತಿ ಸುತ್ತಿ ಅಲ್ಲಿಗೇ ಬಂದು ನಿಲ್ಲುತ್ತದೆ. ಮಿಕ್ಸರ್ ಇರುವ ಮನೆಯಲ್ಲಿ ಯಾರು ಏನು ಅಂದರು ಅಂತ ಬೇರೆ ಮಾಡಲು ಬ್ರಹ್ಮನಿಂದಲೂ ಆಗುವುದಿಲ್ಲ. ಫ್ರಿಜ್ ತಂದವರ ಮನೆಯಲ್ಲಿ ಜಗಳ ಕೆಡುವುದಿಲ್ಲ. ಹೋದ ದೀಪಾವಳಿಯದನ್ನು ಈ ದೀಪಾವಳಿಗೆ ಹೊರಗೆ ತೆಗೆದರೂ ಬೆಳಗ್ಗೆ ತಾನೇ ಆಡಿದಷ್ಟು ತಾಜಾ ಇರುತ್ತದೆ. ಪೇಟೆ ಓಣಿಯವರೊಬ್ಬರು ಹಾಡು ನಡೆದಿರುವಾಗಲೇ ರೇಡಿಯೋವನ್ನು ಮನೆಯಿಂದ ಹೊರಗೆ ಹಾಕಿದರು. ಇವತ್ತಿಗೂ ಆ ಮನೆಯವರು ಅರ್ಧ ಹಾಡು ಹಾಡಿ, ಮುಂದಿನ ಸಾಲು ಗೊತ್ತಾಗದೆ, ಬಾಗಿಲಲ್ಲಿ ನಿಂತು ಹೋಗಿಬರುವವರ ಮುಖ ನೋಡುತ್ತಾರೆ.

ಅದಕ್ಕೇ ಈ ಕಟ್ಟೆ ಇರುವುದು. ಗುಣಗಟ್ಟೆ ಅನ್ನುತ್ತೇವೆ. ಊರಿಗೆ ಬಂದ ಯಂತ್ರ ಮನೆ ಸೇರುವ ಮೊದಲು ಇದರ ಮೇಲೆ ಮೂರು ದಿನ ಕೂರಬೇಕು. ಯಂತ್ರದ ಗುಣ ನೋಡಿ ಹೇಳುವ ರಾಚಯ್ಯನವರು ಅದರ ಪಕ್ಕದಲ್ಲೇ ರೊಟ್ಟಿ ತಿನ್ನುತ್ತಾರೆ, ಅದಕ್ಕೇ ಒರಗಿ ನಿದ್ದೆ ಮಾಡುತ್ತಾರೆ, ನಡುನಡುವೆ ಒಂದೆರಡು ಸಲ ಬೈದು ಅದು ಏನು ಮಾಡುತ್ತದೆ ಅಂತ ನೋಡುತ್ತಾರೆ. ಮೂರನೆಯ ದಿನ ಸಂಜೆ, "ಇದು ಸಂಸಾರಕ್ಕ ಆಗ್ತದ" ಅಂತಲೋ, "ಇದನ್ನ ನಿಮಗಾಗದವರ ಮನಿಗೆ ಉಡುಗೊರಿ ಕೊಡ್ರಿ" ಅಂತಲೋ ಹೇಳುತ್ತಾರೆ. ನಾನು ದಿನವೂ ಕಟ್ಟೆಯ ಈ ತುದಿಯಲ್ಲಿ ಕೂತು ಕಥೆ ಹೇಳುತ್ತೇನೆ. ಇದು ನನ್ನ ಉದ್ಯೋಗ ಅಂತ ನಾನು ಅನ್ನುತ್ತೇನೆ. ನನ್ನ ಹೆಂಡತಿ ಇದಕ್ಕೆ ಬೇರೆ ಹೆಸರು ಇಟ್ಟಿದ್ದಾಳೆ.

ನಮ್ಮ ಮನೆಯಲ್ಲಿ ಆಗ ಇದ್ದದ್ದು ಎರಡೇ ಯಂತ್ರ. ಒಂದು, ನನ್ನ ಹೆಂಡತಿ ನೀಲವ್ವನ ಶಾವಿಗೆ ಯಂತ್ರ. ಅದರ ಗುಣದಿಂದ ನಮ್ಮ ಮನೆಯಲ್ಲಿ ಯಾರು ಬಾಯಿ ತೆರೆದರೂ ಮಾತು ಉದ್ದಕ್ಕೆ ಎಳೆ ಎಳೆಯಾಗಿ ಬರುತ್ತದೆ, ನಡುವೆ ಕತ್ತರಿಸದಿದ್ದರೆ ನಿಲ್ಲುವುದಿಲ್ಲ. ಇನ್ನೊಂದು ತೂಗುಮಂಚ. ತೂಗುಮಂಚ ಯಂತ್ರ ಹೇಗಾಯಿತು ಅನ್ನಬೇಡಿ. ಸರಪಳಿ ಇದೆ, ಕೊಂಡಿ ಇದೆ, ಎಣ್ಣೆ ಬಿಡದಿದ್ದರೆ ಕಿರ್ ಅನ್ನುತ್ತದೆ, ಇನ್ನೇನು ಬೇಕು? ಅದರ ಗುಣದಿಂದ ನಮ್ಮಲ್ಲಿ ಯಾವ ತೀರ್ಮಾನವೂ ಒಂದು ಕಡೆ ನಿಲ್ಲುವುದಿಲ್ಲ. ಹೌದು, ಅಲ್ಲ, ಹೌದು, ಅಲ್ಲ ಅಂತ ತೂಗುತ್ತಲೇ ಇರುತ್ತದೆ. ಆ ಮಂಚದ ಜೊತೆ ಬಂದವಳು ಮುರಿಗೆವ್ವತ್ತೆ, ನನ್ನ ಅಪ್ಪನ ತಂಗಿ. ಗಂಡ ತೀರಿದ ಮೇಲೆ ತೂಗುಮಂಚವನ್ನು ಚಕ್ಕಡಿಗೆ ಹಾಕಿಸಿ, ತಾನು ಅದರ ಮೇಲೆಯೇ ಕೂತು ಊರಿಗೆ ಬಂದಳು. ಕಟ್ಟೆಗೆ ಇಳಿಸಿದಾಗಲೂ ಮಂಚ ಬಿಟ್ಟು ಏಳಲಿಲ್ಲ. ರಾಚಯ್ಯನವರು ಬೇರೆ ದಾರಿಯಿಲ್ಲದೆ ಇಬ್ಬರ ಗುಣವನ್ನೂ ಒಟ್ಟಿಗೇ ನೋಡಿ, "ಮಂಚ ಚಲೋ ಅದ. ಮ್ಯಾಲಿಂದು ಸ್ವಲ್ಪ ಖಾರ ಅದ" ಅಂದರು.

ಅತ್ತೆಗೆ ಉಡಲು ಗಿಳಿಹಸಿರು ಸೀರೆಯೇ ಆಗಬೇಕು, ಕೂರಲು ತೂಗುಮಂಚವೇ ಆಗಬೇಕು, ಮತ್ತು ಜಗತ್ತಿನಲ್ಲಿ ಯಾವುದೂ ಸರಿ ಇರಬಾರದು. ಅನ್ನ ಮೆತ್ತಗಾಯಿತು, ಬಾಗಿಲು ಓರೆಯಾಯಿತು, ಸೂರ್ಯ ಹೊತ್ತಿಗೆ ಮುಂಚೆ ಮುಳುಗಿದ. ಆದರೆ ಅವಳಾಗಿಯೇ ಒಂದು ಕೆಲಸಕ್ಕೆ ಕೈ ಹಾಕಿದರೆ ನೀಲವ್ವ ಬಿಡುತ್ತಿರಲಿಲ್ಲ. ಬೆಳ್ಳುಳ್ಳಿಯ ಮೊರ ಎಳೆದುಕೊಂಡರೆ, "ನೀ ಸುಮ್ನ ಕುಂದ್ರು ಅತ್ತಿ." ಕಸಬರಿಗೆ ಮುಟ್ಟಿದರೆ, "ನಾವಿಲ್ಲೇನು, ನೀ ಸುಮ್ನ ಕುಂದ್ರು." ಮರ್ಯಾದೆಗೇ ಹಾಗೆ ಹೇಳುತ್ತಿದ್ದಳು, ನಾನೂ ಹಾಗೆಯೇ ಹೇಳುತ್ತಿದ್ದೆ. ಹೀಗೆ ವರ್ಷಗಟ್ಟಲೆ ಸುಮ್ಮನೆ ಕೂತು ಕೂತು ಅತ್ತೆಯ ಬಾಯಿ ಒಂದನ್ನು ಬಿಟ್ಟು ಉಳಿದದ್ದೆಲ್ಲ ಸುಮ್ಮನಾಗಿತ್ತು.

ಹೀಗಿರುವಾಗ ನೀಲವ್ವನ ತಮ್ಮ ಫಕೀರೇಶ ಒಂದು ಹಳೆಯ ಕಂಪ್ಯೂಟರ್ ಹೊತ್ತುಕೊಂಡು ಬಂದ. ಊರಿನ ಕಂಪ್ಯೂಟರುಗಳಿಗೆ ಕೆಮ್ಮು ನೆಗಡಿ ಬಂದರೆ ನೋಡುವವನು ಇವನೇ. ಕಂಪ್ಯೂಟರು ಕಟ್ಟೆಯ ಮೇಲೆ ಆಗಲೇ ಮೂರು ದಿನ ಕೂತು, ನಿಧಾನದ್ದು ಆದರೆ ಮರ್ಯಾದಸ್ಥ ಅಂತ ಹೆಸರು ಪಡೆದಿತ್ತು. ತಂಟೆ ಇದ್ದದ್ದು ಇವನ ಕಿಸೆಯಲ್ಲಿ. ಹೆಬ್ಬೆರಳಿನಷ್ಟು ಒಂದು ಪೆನ್ ಡ್ರೈವ್ ತೆಗೆದು, "ಮಾಮಾ, ಇದರಾಗ ಹೊಸಾ ಆಪರೇಟಿಂಗ್ ಸಿಸ್ಟಂ ಐತಿ. ಇನ್ನೂ ಜಗತ್ತಿಗೆ ಬಿಟ್ಟಿಲ್ಲ. ಕಂಪನಿಯವರು ಮೊದ್ಲ ನನ್ನಂಥ ಕೆಲವು ಮಂದಿಗೆ ಕೊಟ್ಟು ಮನ್ಯಾಗ ಹಾಕಿ ನೋಡ್ರಿ ಅಂದಾರ. ತಪ್ಪು ಕಂಡ್ರ ಅವರಿಗೆ ತಿಳಸೂದು, ಅವರು ಸರಿ ಮಾಡೂದು. ಪರೀಕ್ಷಾ ಮುಗಿದ ಮ್ಯಾಲ ಕಂಪ್ಯೂಟರ್ ನಿಮ್ಮದ" ಅಂದ.

"ಅಂದ್ರ ಅದು ಏನು ಮಾಡ್ತೈತಿ?" ಅಂತ ನೀಲವ್ವ ಕೇಳಿದಳು. "ಕಂಪ್ಯೂಟರಿಗೆ ಅದು ಜೀವ ಇದ್ದಂಗ ಅಕ್ಕಾ. ಅದಿಲ್ಲಂದ್ರ ಬರೀ ಡಬ್ಬಿ. ಅದನ್ನ ಹಾಕಿದ್ರ ಎದ್ದು ಕೆಲಸ ಮಾಡ್ತೈತಿ." ನೀಲವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿಮ್ಮ ಮಾಮಾಗೂ ಒಂದು ಹಾಕಿ ಹೋಗು" ಅಂದಳು. ಅತ್ತೆ ತೂಗುಮಂಚದಿಂದ, "ಅಲ್ಲೋ ಫಕೀರಾ, ಅಷ್ಟು ಚಲೋದಿದ್ರ ನಿಮ್ಮನ್ಯಾಗ ಯಾಕ ಹಾಕ್ಕೊಳ್ಳಿಲ್ಲ?" ಅಂದಳು. ಫಕೀರೇಶ ತಲೆ ಕೆರೆದುಕೊಂಡ. "ನನ್ನ ಹೆಂಡತಿ ಒಲ್ಲೆ ಅಂದ್ಳು. ನಿಮ್ಮಕ್ಕನ ಮನಿಗೆ ಒಯ್ಯಿ, ಅದು ಹೆಂಗೂ ಅರ್ಧಾ ಕೆಟ್ಟೈತಿ, ಇನ್ನರ್ಧಾ ಕೆಟ್ರ ಯಾರಿಗೂ ಗೊತ್ತಾಗಂಗಿಲ್ಲ ಅಂದ್ಳು."

ಪದ್ಧತಿ ಅಂದರೆ ಪದ್ಧತಿ. ಪೆನ್ ಡ್ರೈವನ್ನು ನಾನು ಅಂಗೈಯಲ್ಲಿಟ್ಟುಕೊಂಡು ಕಟ್ಟೆಗೆ ಹೋದೆ. ರಾಚಯ್ಯನವರು ಕನ್ನಡಕ ಹಣೆಗೆ ಏರಿಸಿ ನೋಡಿದರು. "ಇದ್ರಾಗ ಸಿಸ್ಟಂ ಎಲ್ಲದ?" "ಒಳಗ ಐತಂತ್ರಿ. ಕಣ್ಣಿಗೆ ಕಾಣಂಗಿಲ್ಲಂತ." "ತೂಕ?" "ಇಲ್ಲಂತ್ರಿ." ರಾಚಯ್ಯನವರು ನಕ್ಕು ಪೆನ್ ಡ್ರೈವ್ ನನ್ನ ಕೈಗೆ ವಾಪಸು ಕೊಟ್ಟರು. "ಹುಚ್ಚಪ್ಪಾ, ಮೈ ಇಲ್ಲದ್ದಕ್ಕ ಗುಣ ಎಲ್ಲಿಂದ ಬರಬೇಕು? ಗಾಳಿನ್ನ ಯಾರಾದ್ರೂ ಕಟ್ಟಿಮ್ಯಾಲ ಕುಂದ್ರಸ್ತಾರೇನು? ಒಯ್ಯಿ, ಒಯ್ಯಿ." ಹೀಗೆ ನಮ್ಮೂರಿನ ಇತಿಹಾಸದಲ್ಲಿ ಮೊದಲ ಸಲ, ಕಟ್ಟೆ ಮುಟ್ಟದ ಒಂದು ಯಂತ್ರ ಮನೆ ಹೊಕ್ಕಿತು.

ಶುರುವಿನಲ್ಲಿ ಬಲು ಚಂದ. ಕಂಪ್ಯೂಟರಿನ ಪರದೆ ನೀಲಿಯಾಯಿತು, ಕನ್ನಡದಲ್ಲಿ "ಸ್ವಾಗತ" ಅಂದಿತು. ಆಮೇಲೆ ಎರಡು ನಿಮಿಷಕ್ಕೊಮ್ಮೆ, "ಕ್ಷಮಿಸಿ, ಏನೋ ತಪ್ಪಾಗಿದೆ" ಅನ್ನತೊಡಗಿತು. ನಮ್ಮ ಮನೆಯಲ್ಲಿ ಯಾರಾದರೂ ತಪ್ಪಾಯಿತು ಅಂದದ್ದು ಅದೇ ಮೊದಲು. ನನಗೆ ಕಣ್ಣು ತುಂಬಿ ಬಂತು. ಮರುದಿನ ಸಾರಿಗೆ ಉಪ್ಪು ಹೆಚ್ಚಾಗಿತ್ತು. ಏನಿದು ಅಂತ ಕೇಳಿದರೆ ನೀಲವ್ವ ಕೈ ಮುಗಿದು, ಪುಸ್ತಕದ ಭಾಷೆಯಲ್ಲಿ, "ಕ್ಷಮಿಸಿ, ಏನೋ ತಪ್ಪಾಗಿದೆ" ಅಂದಳು. ಏನು ತಪ್ಪು ಅಂತ ಮಾತ್ರ ಹೇಳಲಿಲ್ಲ. ಆಗ ಗೊತ್ತಾಯಿತು, ಮನೆ ಗುಣ ಹಿಡಿದಿದೆ.

ಆಮೇಲೆ ಬಾಗಿಲು. ಹೊರಗೆ ಹೋಗಲು ತಳ್ಳಿದರೆ ತೆರೆಯುತ್ತಿರಲಿಲ್ಲ. ಎರಡನೆಯ ಸಲ, ಹೌದು ನಾನು ನಿಜವಾಗಿಯೂ ಹೋಗುವವನೇ ಅಂತ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡು ತಳ್ಳಿದರೆ ಮಾತ್ರ ತೆರೆಯುತ್ತಿತ್ತು. ತೂಗುಮಂಚದ ಮನೆಯವನು ನಾನು, ಮನಸ್ಸು ಗಟ್ಟಿ ಮಾಡಿಕೊಳ್ಳುವಷ್ಟರಲ್ಲಿ ಊಟದ ಹೊತ್ತಾಗುತ್ತಿತ್ತು. ಒಂದು ದಿನ ನೀಲವ್ವ ಸೌಟು ಎತ್ತಿದವಳು ಎತ್ತಿದಂತೆಯೇ ನಿಂತುಬಿಟ್ಟಳು. ಕಣ್ಣುಗುಡ್ಡೆ ಎರಡೂ ಗಾಣದೆತ್ತಿನ ಹಾಗೆ ಸುತ್ತು ಹಾಕುತ್ತಿದ್ದವು, ಅಷ್ಟೇ. ಫಕೀರೇಶನಿಗೆ ಫೋನ್ ಮಾಡಿದೆ. "ಗಾಬರಿ ಆಗಬ್ಯಾಡ ಮಾಮಾ, ಯಾವುದೋ ವಿಚಾರದಾಗ ಸಿಕ್ಕೊಂಡಾಳ. ಹೊರಗ ಒಯ್ದು ಮತ್ತ ಒಳಗ ತಗೊಂಡು ಬಾ, ಸರಿ ಆಗ್ತಾಳ" ಅಂದ. ಸೌಟಿನ ಸಮೇತ ಹೊತ್ತು ಓಣಿಗೆ ಒಯ್ದು, ಒಂದು ಸುತ್ತು ತಿರುಗಿಸಿ, ಒಳಗೆ ತಂದು ಇಳಿಸಿದೆ. ಇಳಿದವಳೇ ಅದೇ ಸೌಟಿನಿಂದ ನನ್ನ ತಲೆಗೆ ಒಂದು ಕೊಟ್ಟು, "ಓಣಿ ಮಂದಿ ಮುಂದ ಕೂಸಿನಂಗ ಹೊತ್ಕೊಂಡು ಮೆರಸ್ತೀರೇನು?" ಅಂದಳು. ಅಂದರೆ ಅಷ್ಟು ಹೊತ್ತೂ ಎಲ್ಲ ತಿಳಿಯುತ್ತಿತ್ತು.

ಶುಕ್ರವಾರ ಬಂದರೆ ಅಪ್ಡೇಟ್. ಆ ದಿನ ಮಧ್ಯಾಹ್ನ ಮನೆ ತಾನೇ ಸುಧಾರಿಸಿಕೊಳ್ಳುತ್ತಿತ್ತು, ಒಳಗೆ ಯಾರೂ ಇರುವ ಹಾಗಿರಲಿಲ್ಲ. ತೂಗುಮಂಚ ಬಿಚ್ಚಿ ಅತ್ತೆಯನ್ನು ಅದರ ಮೇಲೆಯೇ ಕೂರಿಸಿ ಬೇವಿನ ಮರಕ್ಕೆ ಕಟ್ಟುತ್ತಿದ್ದೆವು. ಓಣಿಯವರು ಶುಕ್ರವಾರ ನಮಗೆ ಬುತ್ತಿ ತರುವುದನ್ನು ವಾರದ ಪದ್ಧತಿಯೇ ಮಾಡಿಕೊಂಡರು. ಸಂಜೆ ಒಳಗೆ ಹೋದರೆ ಒಲೆ ಪಡಸಾಲೆಗೆ ಬಂದಿರುತ್ತಿತ್ತು, ಬಚ್ಚಲು ದೇವರ ಗೂಡಿನ ಪಕ್ಕಕ್ಕೆ ಹೋಗಿರುತ್ತಿತ್ತು. "ಹೊಸಾ ವಿನ್ಯಾಸ ಮಾಮಾ, ಎರಡು ದಿನ ಆದ್ರ ರೂಢಿ ಆಗ್ತೈತಿ" ಅಂತ ಫಕೀರೇಶ ಅನ್ನುತ್ತಿದ್ದ. ಎರಡು ದಿನಕ್ಕೆ ರೂಢಿಯಾಗುತ್ತಿತ್ತು, ಮತ್ತೆ ಶುಕ್ರವಾರ ಬರುತ್ತಿತ್ತು. ಒಂದು ಶುಕ್ರವಾರವಂತೂ ಮಾಳಿಗೆಯ ಮೇಲೆ ಒಣಗಿ ಗರಿಗರಿಯಾಗಿದ್ದ ಶಾವಿಗೆಯೆಲ್ಲ ತಿರುಗಿ ಹಿಟ್ಟಿನ ಮುದ್ದೆಯಾಗಿ ಕೂತಿತ್ತು. ಸಿಸ್ಟಂ ಅದನ್ನು ಹಿಂದಿನ ಸ್ಥಿತಿಗೆ ಒಯ್ದಿತ್ತಂತೆ. ನೀಲವ್ವ ಆ ಮುದ್ದೆಯನ್ನು ನನ್ನ ಮುಂದೆ ತಂದು ಕುಕ್ಕಿ, "ಇನ್ನೊಂದು ಹೆಜ್ಜಿ ಹಿಂದ ಹೋಗಿದ್ರ ಗೋದಿ ಆಗಿರ್ತಿತ್ತು, ಹೊಲದಾಗ ನಾಟ್ಕೊಂಡು ಬರ್ತಿದ್ರಿ" ಅಂದಳು.

ಇಷ್ಟೆಲ್ಲ ಆದರೂ, ವಾರವಾರ ಪರದೆಯ ಮೇಲೆ "ತಪ್ಪುಗಳು ಕಂಡುಬಂದಿದ್ದರೆ ದಯವಿಟ್ಟು ತಿಳಿಸಿ" ಅಂತ ಬಂದಾಗ ನಾನು ಫಕೀರೇಶನಿಂದ ಏನು ಬರೆಸಿದೆ ಗೊತ್ತೇ? "ಎಲ್ಲ ಭೇಷ್ ಐತಿ." ಮತ್ತೇನು ಬರೆಸಲಿ? ಮನೆಗೆ ಬಂದದ್ದು, ಇಷ್ಟು ನಯವಾಗಿ ಕೇಳುತ್ತದೆ, ಮಾತುಮಾತಿಗೂ ಕ್ಷಮಿಸಿ ಅನ್ನುತ್ತದೆ. ಅದರ ಮುಖಕ್ಕೆ ನೀನು ಸರಿಯಿಲ್ಲ ಅನ್ನಲಾಗುತ್ತದೆಯೇ? ನಮ್ಮಲ್ಲಿ ಬೀಗರು ಚಹಾ ಚೆಲ್ಲಿದರೂ ಜಮಖಾನೆಗೆ ಬಣ್ಣ ಬಂತು ಅನ್ನುತ್ತೇವೆ. ನೀಲವ್ವನೂ ಗೊಣಗುವುದು ನನ್ನ ಮುಂದೆ, ಪರದೆಯ ಮುಂದೆ ಸೆರಗು ಸರಿ ಮಾಡಿಕೊಂಡು, "ಏನೂ ತೊಂದ್ರಿ ಇಲ್ಲ, ಆರಾಮ್ ಐತಿ ಅಂತ ಹೇಳಪಾ" ಅನ್ನುತ್ತಿದ್ದಳು. ಕಂಪನಿಯವರಿಗೆ ಆನಂದವೋ ಆನಂದ. ಬೇರೆ ಕಡೆಗಳಿಂದ ದೂರಿನ ಮೇಲೆ ದೂರು ಬರುತ್ತಿದ್ದರೂ, ನಮ್ಮ ಮನೆಯೊಂದರಲ್ಲಿ ಸಿಸ್ಟಂ ಅರಳಿದ ಮಲ್ಲಿಗೆಯ ಹಾಗಿದೆ ಅಂತ ಅವರು ತಿಳಿದರು.

ಆಮೇಲೆ ಒಂದು ಶುಕ್ರವಾರ ಪರದೆಯ ಮೇಲೆ ಹೊಸ ಮಾತು ಬಂತು. "ಬಹುಕಾಲದಿಂದ ಬಳಸದಿರುವ ವಸ್ತುಗಳನ್ನು ತೆರವುಗೊಳಿಸಲಾಗುತ್ತಿದೆ." ಮೂಲೆಯಲ್ಲಿದ್ದ ನನ್ನ ಹಳೆಯ ಕೊಡೆ ಮೊದಲು ಬೂದಿಬಣ್ಣಕ್ಕೆ ತಿರುಗಿತು. ಸಂಜೆಯ ಹೊತ್ತಿಗೆ ಮೂಲೆಯೇ ಇತ್ತು, ಕೊಡೆ ಇರಲಿಲ್ಲ. ಅದರ ಹಿಂದೆ ನನ್ನ ಶಾಲೆಯ ಪಾಟಿ ಹೋಯಿತು, ಹಿಡಿಕೆ ಮುರಿದ ಬಾಣಲೆ ಹೋಯಿತು, ಮಳೆ ನೋಡಿ ವರ್ಷವಾಗಿದ್ದ ಕಂಬಳಿ ಹೋಯಿತು. ಮನೆ ಹಗುರಾಗಿ ವಿಶಾಲವಾಯಿತು. "ಇದೊಂದು ಗುಣ ಚಲೋ ಐತಿ ನೋಡ್ರಿ" ಅಂತ ನೀಲವ್ವ ಖುಷಿಯಾಗಿಯೇ ಇದ್ದಳು.

ಮರುದಿನ ಬೆಳಗ್ಗೆ ಅತ್ತೆ ಕೂಗಿದಳು. "ಏ ನೀಲಿ, ನನ್ನ ಸೀರಿ ಯಾಕ ಹಿಂಗ ಬೂದಿ ಆಗೇತಿ? ಯಾವ ಸೋಪು ಹಾಕ್ದಿ?" ಹೋಗಿ ನೋಡಿದೆವು. ಗಿಳಿಹಸಿರು ಸೀರೆಯ ಸೆರಗು ಬೂದಿಯಾಗಿತ್ತು. ಸೆರಗಿನ ಕೆಳಗಿನ ಕೈಯೂ ಬೂದಿಯಾಗಿತ್ತು.

ಫಕೀರೇಶ ಓಡಿಬಂದ. ಪರದೆಯನ್ನು ಮೇಲೆ ಕೆಳಗೆ ಉರುಳಿಸಿ ಓದಿದ, ಮತ್ತೆ ಓದಿದ, ಕುರ್ಚಿಯಿಂದ ಏಳಲೇ ಇಲ್ಲ. "ಬರೂ ಶುಕ್ರವಾರ ಸಿಸ್ಟಂ ಬಿಡುಗಡಿ ಅಂತ ಮಾಮಾ. ಪರೀಕ್ಷಾ ಮುಗೀತಂತ. ಬಿಡುಗಡಿ ಆಗೂ ಹೊತ್ತಿಗೆ ಯಾವ್ಯಾವುದು ಬೂದಿ ಇರ್ತೈತೋ ಅದೆಲ್ಲಾ ಕಾಯಂ ಹೋಗ್ತೈತಿ." "ಹೋಗ್ತೈತಿ ಅಂದ್ರ?" "ನಿನ್ನ ಕೊಡಿ ಹೋದಂಗ."

ಅತ್ತೆ ತೂಗುವುದನ್ನು ನಿಲ್ಲಿಸಿದಳು. "ನಾ ಏನು ಹಳೇ ಕೊಡಿ ಏನೋ?" ಅಂದಳು. ನಮ್ಮ ಮನೆಯಲ್ಲಿ ಸರಪಳಿಯ ಕಿರ್ ಸದ್ದು ನಿಂತದ್ದನ್ನು ನಾನು ಅವತ್ತೇ ಕೇಳಿದ್ದು.

ನೀವು ಈಗ ಕೇಳುತ್ತೀರಿ, ಕಂಪ್ಯೂಟರನ್ನು ಎತ್ತಿ ಹೊರಗೆ ಎಸೆಯಬಾರದಿತ್ತೇ ಅಂತ. ನಾನು ಎತ್ತಿಯೇ ಬಿಟ್ಟಿದ್ದೆ. ಅಷ್ಟರಲ್ಲಿ ರಾಚಯ್ಯನವರು ಬಂದು ಕೈ ಹಿಡಿದರು. "ರೇಡಿಯೋದವರ ಮನಿ ಮರೆತ್ಯೇನು? ಅರ್ಧಾ ಗುಣ ಹಿಡಿದಾಗ ಕಿತ್ತು ಹಾಕಿದ್ರ ಮನಿ ಆ ಅರ್ಧದಾಗ ನಿಂತುಬಿಡ್ತದ. ನಿಮ್ಮತ್ತಿ ಕಾಯಂ ಅರ್ಧಾ ಬೂದಿ ಉಳೀತಾಳ." ಹೋಗಲಿ, ಅತ್ತೆಯನ್ನೇ ಬೇರೆ ಕಡೆ ಇಡೋಣ ಅಂತ ತೂಗುಮಂಚ ಸಮೇತ ಅವರ ಮನೆಗೆ ಒಯ್ದೆವು. ಅಲ್ಲಿಯೂ ಬೂದಿ ಏರುತ್ತಲೇ ಇತ್ತು. ರಾಚಯ್ಯನವರ ಮನೆಯಲ್ಲಿ ತಕ್ಕಡಿ ಇದೆ, ಅವರೆಲ್ಲ ಮಾತನ್ನು ತೂಗಿ ತೂಗಿ ಆಡುವವರು. ಅತ್ತೆ ಒಂದೇ ತಾಸಿನಲ್ಲಿ ಬೇಸತ್ತು, "ಇಲ್ಲಿ ಬಣ್ಣ ಉಳದ್ರೂ ಜೀವ ಉಳಿಯಂಗಿಲ್ಲ, ನಡೀರಿ ಮನಿಗೆ" ಅಂದಳು. ತಪ್ಪು ರಾಚಯ್ಯನವರನ್ನು ಚುಚ್ಚುತ್ತಿತ್ತು. ಕಟ್ಟೆಯ ಮೇಲೆ ಕೂರಿಸದೆ ಒಳಗೆ ಬಿಟ್ಟವರು ಅವರೇ ತಾನೆ? "ಬಳಸದ್ದು ಹೋಗ್ತದ ಅಂದ್ರ ಬಳಸೂಣು. ಊರೆಲ್ಲಾ ಬಳಸೂಣು" ಅಂತ ಅವರೇ ಹೊರಟರು.

ನಮ್ಮೂರಿನವರಿಗೆ ಹೇಳಿಕೊಡಬೇಕೇ? ಮರುದಿನದಿಂದ ಅತ್ತೆಯನ್ನು ಬಳಸಲು ಸಾಲು ಹಚ್ಚಿದರು. ಒಬ್ಬಳು ಸುಲಿದ ಬೆಳ್ಳುಳ್ಳಿಯನ್ನೇ ತಂದು, "ಸುಲಿದುಕೊಡವ್ವಾ" ಅಂದಳು. ಇನ್ನೊಬ್ಬ ಸೂಜಿಯಲ್ಲಿದ್ದ ದಾರ ತೆಗೆದು ಪೋಣಿಸಲು ಕೊಟ್ಟ. ಫ್ರಿಜ್ ಮನೆಯವರು ಹೋದ ವರ್ಷದ ಜಗಳ ತಂದು ನ್ಯಾಯ ಮಾಡು ಅಂದರು, ಅತ್ತೆ ನ್ಯಾಯ ಹೇಳಿದರೆ, "ಭಾಳ ಚಲೋ ಹೇಳ್ದಿ" ಅಂತ ಅದೇ ಜಗಳವನ್ನು ಜೋಪಾನವಾಗಿ ವಾಪಸು ಒಯ್ದರು. ಒಂದು ನೂಲಿನಷ್ಟೂ ಹಸಿರು ಬರಲಿಲ್ಲ. ಬಳಸುವ ನಾಟಕವನ್ನು ಆ ಸಿಸ್ಟಂ ಬಳಕೆ ಅಂತ ಒಪ್ಪಲಿಲ್ಲ. ನೀಲವ್ವ ನಿಜವಾದ ಕೆಲಸವೇ ಕೊಡೋಣ ಅಂತ ಹಿಟ್ಟು ನಾದಲು ಕೊಟ್ಟಳು. ಅತ್ತೆ ಪರಾತದಲ್ಲಿ ಕೈ ಇಟ್ಟದ್ದೇ, ಅವಳ ಮಣಿಕಟ್ಟು ನಡುಗುವುದನ್ನು ನೋಡಿ, ನೀಲವ್ವನ ಬಾಯಿಂದ ರೂಢಿಯಂತೆ ಜಾರಿತು: "ಬಿಡತ್ತಿ, ನೀ ಸುಮ್ನ ಕುಂದ್ರು." ಹೇಳಿದವಳೇ ಬಾಯಿಗೆ ಕೈ ಇಟ್ಟುಕೊಂಡಳು. ನಮ್ಮ ಕಣ್ಣೆದುರಿಗೇ ಬೂದಿ ಭುಜಕ್ಕೆ ಏರಿತು.

ಶುಕ್ರವಾರ ಬೆಳಗ್ಗೆ ಅತ್ತೆ ಪಾದದಿಂದ ನೆತ್ತಿಯ ತನಕ ಬೂದಿಯಾಗಿದ್ದಳು. ಆಕಳಿಸಿದಾಗ ನೋಡಿದೆ, ನಾಲಗೆ ಮಾತ್ರ ಎಲೆ ಅಡಿಕೆ ಹಾಕಿದ ಕೆಂಪಿನಲ್ಲೇ ಇತ್ತು. ನೀಲವ್ವ ಮಂಚದ ಸರಪಳಿ ಹಿಡಿದು ಅಳುತ್ತಿದ್ದಳು. "ಅಳಬ್ಯಾಡ. ಅಳೂದರ ಸರಿಯಾಗಿ ಅಳು, ಮೂಗು ಯಾಕ ಎಳಿತಿ?" ಅಂತ ಅತ್ತೆ ಬೈದಳು. ರಾಚಯ್ಯನವರು ಕಂಬಕ್ಕೆ ಒರಗಿ ನಿಂತಿದ್ದರು. ಫಕೀರೇಶ ಕಂಪ್ಯೂಟರಿನ ಮುಂದೆ ಕೂತಿದ್ದ. ಪರದೆಯ ಮೇಲೆ ಬಂತು: "ಬಿಡುಗಡೆಗೆ ಎಲ್ಲವೂ ಸಿದ್ಧವಾಗಿದೆ. ಕೊನೆಯದಾಗಿ, ಯಾವುದಾದರೂ ತಪ್ಪು ಕಂಡುಬಂದಿದೆಯೇ?"

ಎಲ್ಲರೂ ನನ್ನ ಕಡೆ ನೋಡಿದರು. ನನಗೋ, ಅಷ್ಟು ನಯವಾಗಿ ಕೇಳಿದರೆ ಬಾಯಿಗೆ ಬರುವುದು ಒಂದೇ ಮಾತು. "ಎಲ್ಲಾ ಭೇ..." ಅಂತ ತೆಗೆದಿದ್ದೆ.

"ಏನು ಭೇಷ್ ಐತಿ ನಿನ್ನ ತಲಿ!" ಅಂತ ತೂಗುಮಂಚದಿಂದ ಗುಡುಗು ಬಂತು. "ಬ್ಯಾಸಿಗ್ಯಾಗ ಕೊಡಿ ಬಳಸಿಲ್ಲಂತ ಒಗದಾನ, ಅವಂಗ ಮಳಿಗಾಲ ಒಂದು ಬರ್ತೈತಿ ಅಂತ ಗೊತ್ತಿಲ್ಲೇನು? ಯಾವ ಊರಾಂವ ಅಂವ? ಅವನ ಊರಾಗ ಮಳಿ ಇಲ್ಲೇನು?"

ಫಕೀರೇಶನ ಬೆರಳು ತಾನಾಗಿಯೇ ಒತ್ತಿತು. ಬೇಸಿಗೆಯಲ್ಲಿ ಕೊಡೆ ತೆಗೆಯಲಾಗಿದೆ, ಮಳೆಗಾಲದ ಅರಿವಿಲ್ಲ ಅಂತ ಹೋಯಿತು. "ಅತ್ತಿ!" ಅಂತ ನೀಲವ್ವ ಚೀರಿದಳು. ಸೆರಗಿನ ತುದಿಯಲ್ಲಿ ಒಂದು ಬೆರಳಗಲ ಗಿಳಿಹಸಿರು ಬಂದಿತ್ತು.

ರಾಚಯ್ಯನವರು ಕಂಬ ಬಿಟ್ಟು ಮುಂದೆ ಬಂದು ಕೈ ಮುಗಿದರು. "ಮುರಿಗೆವ್ವಾ, ನಿನ್ನ ಕಾಲಿಗೆ ಬೀಳ್ತೀನಿ, ಸುಮ್ನ ಕುಂದ್ರಬ್ಯಾಡ. ಇನ್ನೇನು ಸರಿ ಇಲ್ಲ ಹೇಳು." ಜೀವಮಾನದಲ್ಲಿ ಅತ್ತೆಯನ್ನು ಯಾರೂ ಹಾಗೆ ಕೇಳಿರಲಿಲ್ಲ. ಅವಳು ನೆಟ್ಟಗೆ ಕೂತಳು, ಎಲೆ ಅಡಿಕೆ ತರಿಸಿದಳು, ಬಾಯಿಗೆ ಹಾಕಿಕೊಂಡಳು, ಕಾಲಿನಿಂದ ಮಂಚವನ್ನು ಒಂದು ಜೀಕು ಜೀಕಿದಳು. "ಬರಕೋ ಫಕೀರಾ" ಅಂದಳು.

"ತಪ್ಪಾಗಿದೆ ತಪ್ಪಾಗಿದೆ ಅಂತಾನ, ಏನು ತಪ್ಪು ಅಂತ ಹೇಳಂಗಿಲ್ಲ. ಅದು ತಪ್ಪೊಪ್ಪಿಕೊಂಡಂಗೋ, ಜಾರ್ಕೊಂಡಂಗೋ? ಬರಿ. ಬಾಗಲಾ ಒಮ್ಮೆ ತಳ್ಳಿದ್ರ ತೆರೀಬೇಕು, ಹೋಗಾಂವಗ ಬುದ್ಧಿ ಹೇಳಾಕ ಬಾಗಲಾ ಏನು ಅವನ ಮಾವ ಏನು? ಬರಿ. ಬಚ್ಚಲಾ ದೇವರ ಮಗ್ಗಲಕ ಇಟ್ಟಾನ, ದೇವರನ್ನ ಒಂದು ಮಾತು ಕೇಳಿದ್ನೇನು? ನಮ್ಮ ನೀಲಿ ಬಿಸಿಲಾಗ ಬೆನ್ನು ಸುಟ್ಕೊಂಡು ಒಣಗಿಸಿದ ಶಾವಿಗಿ ಮುದ್ದಿ ಮಾಡ್ಯಾನ. ಹಿಂದಕ ಒಯ್ಯಾಕ ಬರ್ತೈತಿ, ಅಕಿ ಬೆನ್ನಿನ ಉರಿನೂ ಹಿಂದಕ ಒಯ್ಯಂತ ಹೇಳು. ಬರಿ, ಬರಿ, ಯಾಕ ನಿಂತಿ? ಇಷ್ಟು ಸಾವಕಾಶ ಬರಿಯೂದೂ ಒಂದು ತಪ್ಪು, ಅದನ್ನೂ ಹಾಕು."

ಫಕೀರೇಶ ಬರೆದ. ಬೆರಳು ನೋವಾಗಿ ನೆಟಿಗೆ ಮುರಿದುಕೊಂಡು ಮತ್ತೆ ಬರೆದ. ಹಸಿರು ಸೆರಗಿನಿಂದ ಮೊಣಕೈಗೆ, ಮೊಣಕೈಯಿಂದ ಭುಜಕ್ಕೆ ಹೋಯಿತು. ಓಣಿಯವರು ಬುತ್ತಿ ಹಿಡಿದುಕೊಂಡು ಬಂದವರು ಕಿಟಕಿಯಲ್ಲೇ ನಿಂತು, ಒಂದೊಂದು ತಪ್ಪಿಗೂ, "ಹೌದ್ ಹೌದು!" ಅಂದರು. ಊಟದ ಹೊತ್ತಿಗೆ ಅತ್ತೆ ಪಾದದ ತನಕ ಗಿಳಿಯಾಗಿದ್ದಳು, ಆದರೂ ನಿಲ್ಲಿಸಲಿಲ್ಲ. ಹೊಟ್ಟೆಯಲ್ಲಿ ವರ್ಷಗಟ್ಟಲೆಯದು ಇತ್ತು. ಕೊನೆಗೆ ಕಂಪ್ಯೂಟರಿಗೇ ಸುಸ್ತಾಗಿ, ಪರದೆ ಒಮ್ಮೆ ಕಪ್ಪಾಗಿ, ಮತ್ತೆ ಬೆಳಗಿತು. ಕಂಪನಿಯವರು ಬರೆದಿದ್ದರು: "ಬಿಡುಗಡೆಯನ್ನು ಮುಂದೂಡಲಾಗಿದೆ. ಮಾನ್ಯ ಪರೀಕ್ಷಕರಿಗೆ ಧನ್ಯವಾದ. ದಯವಿಟ್ಟು ತಿಳಿಸಿ, ತಾವು ಒಟ್ಟು ಎಷ್ಟು ಜನರಿದ್ದೀರಿ?"

"ಒಬ್ಬಾಕಿ ಇದೀನಿ, ಸಾಲದೇನು ಅಂತ ಬರಿ" ಅಂದಳು ಅತ್ತೆ.

ಅಲ್ಲಿಂದ ಮುಂದೆ ಅತ್ತೆಗೆ ಪುರುಸೊತ್ತೇ ಇಲ್ಲ. ಬೆಳಗ್ಗೆ ಎದ್ದರೆ ಮನೆಯನ್ನು ಒಂದು ಸುತ್ತು ಹಾಕಿ ತಪ್ಪು ಕೂಡಿಹಾಕುತ್ತಾಳೆ, ಮಧ್ಯಾಹ್ನ ಫಕೀರೇಶನನ್ನು ಕೂರಿಸಿ ಕಳಿಸುತ್ತಾಳೆ. ಕಂಪನಿಯವರು ಒಂದೊಂದನ್ನೇ ಸರಿ ಮಾಡಿದಂತೆ ನಮ್ಮ ಮನೆಯೂ ಸರಿಯಾಯಿತು. ಬಾಗಿಲು ಒಂದೇ ಸಲಕ್ಕೆ ತೆರೆಯಿತು, ಬಚ್ಚಲು ನಾಚಿಕೊಂಡು ಹಿತ್ತಿಲಿಗೆ ಹೋಯಿತು, ಮೊದಲ ಮಳೆಗೆ ಸರಿಯಾಗಿ ಕೊಡೆ ಮೂಲೆಯಲ್ಲಿ ಬಂದು ನಿಂತಿತು. ನನ್ನ ಪಾಟಿ ಮಾತ್ರ ಬರಲಿಲ್ಲ. ಅದರ ಪರವಾಗಿ ಅತ್ತೆ ಏನೂ ಬರೆಸಲಿಲ್ಲ. ಅದನ್ನು ತೆಗೆದದ್ದು ಒಂದೇ ಅವರು ಸರಿ ಮಾಡಿದ್ದು ಅಂದಳು. ನೀಲವ್ವ ಈಗ ಅವಳಿಗೆ ಸುಮ್ಮನೆ ಕುಂದ್ರು ಅನ್ನುವುದಿಲ್ಲ. ಶಾವಿಗೆ ಒತ್ತುವಾಗ ಪಕ್ಕಕ್ಕೆ ಮಂಚ ಎಳೆಸಿ, "ಹೆಂಗ ಬಂತು ನೋಡತ್ತಿ" ಅನ್ನುತ್ತಾಳೆ. "ದಪ್ಪ ಆತು" ಅನ್ನುತ್ತಾಳೆ ಅತ್ತೆ. ದಪ್ಪವೇ ಆಗಿರುತ್ತದೆ. ರಾಚಯ್ಯನವರೂ ಈಗ ಕಟ್ಟೆಗೆ ಬಂದ ಯಂತ್ರದ ಗುಣ ತಿಳಿಯದಿದ್ದರೆ ಚಕ್ಕಡಿ ಕಳಿಸಿ ಅವಳನ್ನು ಕರೆಸುತ್ತಾರೆ. ನಾಳೆ ನಿಮ್ಮ ಹೊಲಿಗೆ ಯಂತ್ರಕ್ಕೂ ಬಂದಾಳು. ಬಂದರೆ ಎದುರು ಮಾತಾಡಬೇಡಿ.

ಕೊನೆಗೆ ಸಿಸ್ಟಂ ಬಿಡುಗಡೆಯೂ ಆಯಿತು. ಬಳಸದ ವಸ್ತುಗಳನ್ನು ಅದು ಈಗ ಸುಮ್ಮಸುಮ್ಮನೆ ತೆಗೆಯುವುದಿಲ್ಲ, ಅತ್ತೆ ಕಲಿಸಿದಂತೆ ಮೊದಲು ಮನೆಯವರನ್ನು ಕೇಳುತ್ತದೆ. ಬಿಡುಗಡೆಯ ದಿನ ಎಲ್ಲರೂ ಶಾವಿಗೆ ಪಾಯಸ ಉಣ್ಣುತ್ತ ಕೂತಿದ್ದಾಗ ಅದು ಕೇಳಿತು: "ಈ ಮನೆಯಲ್ಲಿ ಬಳಕೆಯಲ್ಲಿಲ್ಲದ ಒಂದು ವಸ್ತು ಕಂಡುಬಂದಿದೆ. ಇದು ನಿಮಗೆ ಬೇಕೇ?"

ಏನಪ್ಪಾ ಅದು ಅಂತ ನಾನೂ ಸುತ್ತಲೂ ನೋಡಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಕೆಳಗೆ ನೋಡಿಕೊಂಡರೆ, ನನ್ನ ಅರಿಶಿನ ಬಣ್ಣದ ಅಂಗಿಯ ಒಂದು ತೋಳು ಬೂದಿಯಾಗಿತ್ತು.

"ನೀಲವ್ವಾ, ಹೌದು ಅನ್ನು" ಅಂದೆ. "ಹೌದು" ಅಂದಳು. ನಾನು ಉಸಿರು ಬಿಡುವಷ್ಟರಲ್ಲಿ, "ಅಲ್ಲ" ಅಂದಳು. ಆಮೇಲೆ, "ಹೌದು, ಮಾಳಿಗಿಗೆ ಶಾವಿಗಿ ಹೊರಾಕ ಬೇಕಾಗ್ತೈತಿ" ಅಂದಳು. "ಅಲ್ಲ, ಹೊರೂದಕ್ಕಿಂತಾ ಚೆಲ್ಲೂದ ಹೆಚ್ಚು" ಅಂದಳು. ಅವಳ ತಪ್ಪಲ್ಲ, ತೂಗುಮಂಚದ ಮನೆ. ಆ ತೀರ್ಮಾನ ಇವತ್ತಿಗೂ ತೂಗುತ್ತಲೇ ಇದೆ. ಅತ್ತೆಯೇ ಕೊನೆಗೆ ಎಲೆ ಅಡಿಕೆ ಉಗುಳಿ ಹೇಳಿದಳು: "ದುಂಡ್ಯಾ, ಬೇಕೋ ಬ್ಯಾಡೋ ನಾವು ಆಮ್ಯಾಲ ನೋಡ್ತೀವಿ. ನಿನಗ ಬರೂದು ಒಂದ. ಕಟ್ಟಿಗೆ ಹೋಗು. ಯಂತ್ರ ಕಾಯ್ಕೋತ ಕುಂತಾವರು ಇರ್ತಾರ, ಮೂರು ದಿನ ಹೊತ್ತು ಹೋಗದ ಸಾಯ್ತಿರ್ತಾರ. ಅವರಿಗರ ಉಪಯೋಗ ಆಗು."

ಅದಕ್ಕೇ ನಿಮ್ಮನ್ನು ಕರೆದು ಕೂರಿಸಿಕೊಂಡದ್ದು. ಕೂತವರು ಕೇಳುವ ನಾಟಕ ಮಾಡಿದರೆ ಏನೂ ಆಗುವುದಿಲ್ಲ, ಅದು ನನಗೆ ಗೊತ್ತಾಗುತ್ತದೆ. ನಿಜವಾಗಿ ನಕ್ಕರೆ ಒಂದು ಗುಂಡಿ ಬಣ್ಣಕ್ಕೆ ಬರುತ್ತದೆ, ಯಂತ್ರ ಮರೆತು ಕೂತರೆ ಒಂದು ತೋಳು. ನೀವು ಆ ಸೌಟಿನ ಜಾಗದಲ್ಲಿ ನಕ್ಕಿರಿ, ನಾನು ನೋಡಿದೆ. ಅತ್ತೆ ಬೂದಿಯಾದಾಗಿನಿಂದ ನಿಮ್ಮ ಹೊಲಿಗೆ ಯಂತ್ರದ ಕಡೆ ಒಮ್ಮೆಯೂ ತಿರುಗಿಲ್ಲ. ರಾಚಯ್ಯನವರು ಅದಕ್ಕೆ ಒರಗಿ ಗೊರಕೆ ಹೊಡೆಯುತ್ತಿದ್ದಾರೆ, ನೋಡಿ. ಈಗ ಹೇಳಿ, ನನ್ನ ಅಂಗಿ ಯಾವ ಬಣ್ಣ? ಆಗ ಬೂದಿ ಇತ್ತು, ಈಗ ಅರಿಶಿನ ಅಲ್ಲವೇ? ಹಾಗಾದರೆ ಇವತ್ತಿನ ಮಟ್ಟಿಗೆ ನಾನು ಮನೆಗೆ ಹೋಗಬಹುದು. ನಾನು ಹೇಳಿದ್ದನ್ನು ನೀವು ನಂಬಲೇಬೇಕು ಅಂತ ಏನೂ ಇಲ್ಲ. ಬಳಸಿಕೊಂಡಿರಿ, ನನಗೆ ಅಷ್ಟು ಸಾಕು.